ಕರಾವಳಿಯ ಹಳೆಯ ಮನೆಗೆ ನಂಬಿಗಸ್ತ ಪ್ಲಂಬರ್: ಆಯ್ಕೆ, ಕರಾರು ಮತ್ತು ಪಾವತಿ

ಅಂಗಡಿಗೆ ಹೊಸ ಗುಮಾಸ್ತನನ್ನು ಸೇರಿಸಿಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುವ, ಉದ್ದರಿ ಕೊಡುವ ಮೊದಲು ಗಿರಾಕಿಯ ಪೂರ್ವಾಪರವನ್ನು ತಿಳಿದುಕೊಳ್ಳುವ ವರ್ತಕರು, ಮನೆಯ ನೀರಿನ ಪೈಪು ಸೋರಿದಾಗ ಮಾತ್ರ ಮೊದಲು ಸಿಕ್ಕಿದ ಕೆಲಸಗಾರನ ಕೈಗೆ ಮನೆಯನ್ನು ಒಪ್ಪಿಸಿಬಿಡುತ್ತಾರೆ. ಹೊಸ ಕಟ್ಟಡದಲ್ಲಿ ಇದರಿಂದಾಗುವ ನಷ್ಟ ಅಲ್ಪವಾಗಿರಬಹುದು. ಆದರೆ ಕರಾವಳಿಯ ಐವತ್ತು ಅರುವತ್ತು ವರ್ಷಗಳಷ್ಟು ಹಳೆಯ ಹಂಚಿನ ಮನೆಗಳಲ್ಲಿ, ವಿಶೇಷವಾಗಿ ಕೆಳಗೆ ಅಂಗಡಿ ಅಥವಾ ಗೋದಾಮು, ಮೇಲೆ ವಾಸ ಎಂಬ ಕ್ರಮದ ಕಟ್ಟಡಗಳಲ್ಲಿ, ಒಂದು ತಪ್ಪು ರಿಪೇರಿಯು ಮನೆಯ ಗೋಡೆಯ ಜೊತೆಗೆ ವ್ಯಾಪಾರದ ಸರಕನ್ನೂ ಹಾಳುಮಾಡಬಲ್ಲದು.

ಮಂಗಳೂರಿನ ಹಳೆಯ ಪೇಟೆಯ ಓರ್ವ ದಿನಸಿ ವರ್ತಕರ ಮನೆಯ ಪ್ರಸಂಗವು ಈ ವಿಷಯದಲ್ಲಿ ಗಮನಾರ್ಹವಾಗಿದೆ. ಮಳೆಗಾಲದಲ್ಲಿ ಅವರ ಗೋದಾಮಿನ ಒಂದು ಗೋಡೆಯಲ್ಲಿ ತೇವ ಕಾಣಿಸಿಕೊಂಡಿತು. ಮಾಡು ಸೋರುತ್ತಿದೆಯೆಂದು ಭಾವಿಸಿ ಎರಡು ಬಾರಿ ಹಂಚು ಬದಲಾಯಿಸಲಾಯಿತು. ತೇವ ಹೋಗಲಿಲ್ಲ. ಬಳಿಕ ಕರೆಸಿದ ಪ್ಲಂಬರ್ ಗೋಡೆಯನ್ನು ಮೂರು ಕಡೆ ಒಡೆದು, ಪೈಪು ಸಿಗದೆ, ಸಿಮೆಂಟು ಮೆತ್ತಿ ಹೋದನು. ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೂ ಗೋಡೆ ಒಣಗಲಿಲ್ಲ. ಅಷ್ಟರಲ್ಲಿ ಗೋಡೆಗೆ ತಾಗಿಸಿ ಇಟ್ಟಿದ್ದ ಒಣಮೆಣಸಿನ ಮೂಟೆಗಳಿಗೆ ಬೂಷ್ಟು ಹಿಡಿದಿತ್ತು.

ಆ ಮನೆಯ ಪೈಪುಗಳನ್ನು ಇಪ್ಪತ್ತೈದು ವರ್ಷಗಳ ಹಿಂದೆ ಹಾಕಿದ್ದ ಹಿರಿಯ ಪ್ಲಂಬರ್ ಅದೇ ಊರಿನಲ್ಲಿದ್ದರು. ಆದರೆ ಅವರು ಆ ಮನೆಗೆ ಬರುವುದನ್ನು ನಿಲ್ಲಿಸಿದ್ದರು. ಕಾರಣವೇನೆಂಬುದು ವರ್ತಕರ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಹಳೆಯ ಮನೆಯ ಲಕ್ಷಣಗಳು

ಕರಾವಳಿಯ ಹಳೆಯ ಮನೆಗಳ ಗೋಡೆ ಕೆಂಪುಕಲ್ಲಿನದು, ಗಾರೆ ಬಹುಮಟ್ಟಿಗೆ ಸುಣ್ಣದ್ದು, ಮಾಡು ಹಂಚಿನದು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಈ ಬಗೆಯ ಮನೆಗಳು ತೀರದುದ್ದಕ್ಕೂ ಹಬ್ಬಿದವು. ಕೆಂಪುಕಲ್ಲು ಸಣ್ಣ ಸಣ್ಣ ರಂಧ್ರಗಳಿರುವ ಕಲ್ಲು. ಅದು ನೀರನ್ನು ಹೀರಿಕೊಂಡು ದೂರದವರೆಗೆ ಸಾಗಿಸುತ್ತದೆ. ಆದುದರಿಂದ ತೇವ ಕಾಣಿಸುವ ಜಾಗ ಒಂದು, ಸೋರುವ ಜಾಗ ಇನ್ನೊಂದು ಆಗಿರುವುದು ಸಾಮಾನ್ಯ. ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ, ಅದೂ ಹೆಚ್ಚಿನಂಶ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ಪ್ರದೇಶದಲ್ಲಿ ಮಾಡಿನ ಸೋರಿಕೆ ಯಾವುದು, ಪೈಪಿನ ಸೋರಿಕೆ ಯಾವುದು ಎಂದು ಗುರುತಿಸುವುದೇ ಮೊದಲ ಕೆಲಸ. ಮಳೆ ನಿಂತ ಕೆಲವು ವಾರಗಳ ಬಳಿಕವೂ ಒಣಗದ ತೇವವಿದ್ದರೆ ಪೈಪಿನ ಮೇಲೆ ಸಂಶಯಪಡುವುದು ನ್ಯಾಯವಾಗಿದೆ.

ಈ ಮನೆಗಳ ಮೂಲ ಪೈಪುಗಳು ಸತುವಿನ ಲೇಪವುಳ್ಳ ಕಬ್ಬಿಣದವು, ಅಂದರೆ ಜಿ.ಐ. ಪೈಪುಗಳು. ಸತುವಿನ ಪದರ ಇರುವಷ್ಟು ಕಾಲ ಕಬ್ಬಿಣ ಸುರಕ್ಷಿತ. ಆದರೆ ಜೋಡಣೆಗಾಗಿ ಮರೆ ಕೊರೆಯುವಾಗ ಆ ಭಾಗದ ಲೇಪ ಹೋಗುವುದರಿಂದ ತುಕ್ಕು ಅಲ್ಲಿಂದಲೇ ಆರಂಭವಾಗುತ್ತದೆ. ಕೆಂಪುಕಲ್ಲಿನ ನೆಲದ ಬಾವಿನೀರು ಸಾಧಾರಣವಾಗಿ ಸ್ವಲ್ಪ ಆಮ್ಲಗುಣವುಳ್ಳದ್ದು. ಸಮುದ್ರಕ್ಕೆ ಸಮೀಪದ ಬಾವಿಗಳಲ್ಲಿ ಬೇಸಗೆಯಲ್ಲಿ ಉಪ್ಪಿನ ಅಂಶವೂ ಸೇರುತ್ತದೆ. ಇವೆರಡೂ ಸತುವಿಗೆ ಶತ್ರುಗಳು. ಒಳಗೆ ತುಕ್ಕು ಕಟ್ಟಿದಂತೆ ಪೈಪಿನ ಬಾಯಿ ಕಿರಿದಾಗುತ್ತದೆ. ಹೊರಗಿನಿಂದ ಉಪ್ಪುಗಾಳಿ ತನ್ನ ಕೆಲಸ ಮಾಡುತ್ತದೆ.

ಇಂತಹ ಪೈಪಿಗೆ ರೆಂಚು ಹಾಕಿ ಬಲವಾಗಿ ತಿರುಗಿಸಿದರೆ ಒಂದು ಜೋಡಣೆ ಬಿಗಿಯಾಗುವಾಗ ಪಕ್ಕದ ಜೋಡಣೆ ಮುರಿಯುತ್ತದೆ. ಒಂದು ನಲ್ಲಿ ಬದಲಾಯಿಸಲು ಬಂದವನು ಗೋಡೆಯನ್ನೇ ತೆರೆಯಬೇಕಾಗುವುದು ಹೀಗೆ. ಹೊಸ ಕಟ್ಟಡಗಳಲ್ಲಿ ಪ್ಲಾಸ್ಟಿಕ್ ಪೈಪು ಅಂಟಿಸಿ ಮಾತ್ರ ಅಭ್ಯಾಸವಿರುವ ಕೆಲಸಗಾರನು ಎಷ್ಟೇ ಚುರುಕಾಗಿದ್ದರೂ ಹಳೆಯ ಮನೆಗೆ ತಕ್ಕವನಾಗಿರಬೇಕೆಂದಿಲ್ಲ.

ಕರೆಸುವ ಮೊದಲು

ಪ್ಲಂಬರನ್ನು ಕರೆಸುವ ಮೊದಲು ಮಾಲೀಕರೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಒಂದು: ಟ್ಯಾಂಕಿಗೆ ನೀರು ಹೋಗುವ ವಾಲ್ವನ್ನೂ, ಬೀದಿಯ ನೀರಿನಿಂದ ನೇರವಾಗಿ ಬರುವ ನಲ್ಲಿಗಳನ್ನೂ ಮುಚ್ಚಿ, ನೀರು ಬರುವ ವೇಳೆಯಲ್ಲಿ ಮೀಟರನ್ನು ನೋಡುವುದು. ಆಗಲೂ ಮೀಟರ್ ತಿರುಗುತ್ತಿದ್ದರೆ ಸೋರಿಕೆ ಮೀಟರಿಗೂ ಟ್ಯಾಂಕಿಗೂ ನಡುವೆ ಇದೆ. ಎರಡು: ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ ಟ್ಯಾಂಕಿಯ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಗ್ಗೆ ನೋಡುವುದು. ಮಟ್ಟ ಇಳಿದಿದ್ದರೆ ಸೋರಿಕೆ ಟ್ಯಾಂಕಿಯಲ್ಲಿ ಅಥವಾ ಅಲ್ಲಿಂದ ಮುಂದಿನ ಪೈಪಿನಲ್ಲಿದೆ.

ಸಣ್ಣ ಸೋರಿಕೆಯೆಂದು ಅಲಕ್ಷಿಸುವವರು ಈ ಲೆಕ್ಕವನ್ನು ಗಮನಿಸಬೇಕು. ಹತ್ತು ನಿಮಿಷಕ್ಕೆ ಒಂದು ಲೀಟರ್ ನೀರು ಸೋರಿದರೆ ದಿನಕ್ಕೆ 144 ಲೀಟರ್, ವರ್ಷಕ್ಕೆ 52,560 ಲೀಟರ್ ಆಗುತ್ತದೆ. ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರನ್ನೇ ನಂಬಿರುವ ಮಂಗಳೂರಿನಲ್ಲಿ 2019ರ ಬೇಸಗೆಯಲ್ಲಿ ನೀರಿನ ರೇಷನಿಂಗ್ ಮಾಡಬೇಕಾಗಿ ಬಂದಿತ್ತು. ಅಂತಹ ಸಮಯದಲ್ಲಿ ಗೋಡೆಯೊಳಗೆ ಹರಿದು ಹೋಗುವ ನೀರಿನ ಬೆಲೆ ಬಿಲ್ಲಿನಲ್ಲಿ ಕಾಣುವುದಕ್ಕಿಂತ ಹೆಚ್ಚಿನದು.

ಆಯ್ಕೆಯ ಕ್ರಮ

ವಿಚಾರಿಸಲು ಅತ್ಯಂತ ಯೋಗ್ಯರು ಅದೇ ವಠಾರದ, ಅದೇ ಕಾಲದ ಮನೆಗಳ ಮಾಲೀಕರು. ಕೆಲಸ ಆಗಿ ಎರಡು ಮಳೆಗಾಲ ಕಳೆದಿರುವ ಮನೆಯವರ ಮಾತಿಗೆ ಹೆಚ್ಚು ತೂಕವಿದೆ. ಎರಡನೆಯವರು ಹಾರ್ಡ್‌ವೇರ್ ಅಂಗಡಿಯವರು. ಯಾವ ಪ್ಲಂಬರ್ ಅಳತೆ ತಪ್ಪಿ ಒಂದೇ ಕೆಲಸಕ್ಕೆ ನಾಲ್ಕು ಸಲ ಅಂಗಡಿಗೆ ಬರುತ್ತಾನೆ, ಯಾರು ಅಗ್ಗದ ಮಾಲು ಕೇಳುತ್ತಾರೆ, ಯಾರು ಉದ್ದರಿಯನ್ನು ಹೇಳಿದ ದಿನ ತೀರಿಸುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಶಿಫಾರಸಿನ ಹಿಂದೆ ಕಮಿಷನ್ ಇರಬಹುದೆಂಬ ಎಚ್ಚರವಂತೂ ಇರಬೇಕು. ಐ.ಟಿ.ಐ.ಯಲ್ಲಿ ಪ್ಲಂಬರ್ ವೃತ್ತಿಯ ಒಂದು ವರ್ಷದ ತರಬೇತಿ ಪಡೆದವರಿಗೆ ಅಳತೆ, ನಕ್ಷೆ ಓದುವ ಜ್ಞಾನ ಇರುತ್ತದೆ. ಅದರ ಜೊತೆಗೆ ಹಳೆಯ ಜಿ.ಐ. ಲೈನಿನಲ್ಲಿ ಕೈ ಪಳಗಿದೆಯೇ ಎಂದು ಪ್ರತ್ಯೇಕವಾಗಿ ಕೇಳಬೇಕು.

ಮೊದಲ ಭೇಟಿಯಲ್ಲಿಯೇ ಕೆಲಸಗಾರನ ಯೋಗ್ಯತೆ ಬಹುಮಟ್ಟಿಗೆ ತಿಳಿಯುತ್ತದೆ. ನಂಬಿಗಸ್ತನು ಬಂದೊಡನೆ ಮುಖ್ಯ ವಾಲ್ವ್ ಎಲ್ಲಿದೆ, ಅದು ಪೂರ್ತಿ ಮುಚ್ಚುತ್ತದೆಯೇ, ನೀರು ಬಾವಿಯದೋ ನಗರಪಾಲಿಕೆಯದೋ, ಹಿಂದೆ ಎಲ್ಲಿ ರಿಪೇರಿ ಆಗಿದೆ ಎಂದು ಕೇಳುತ್ತಾನೆ. ರೆಂಚು ಹಾಕುವ ಮೊದಲೇ ‘ಇದು ಮುರಿಯಬಹುದು, ಮುರಿದರೆ ಇಷ್ಟು ಖರ್ಚು’ ಎಂದು ಎಚ್ಚರಿಸುತ್ತಾನೆ. ನೋಡದೆ ದರ ಹೇಳುವವನೂ, ನೋಡಿದ ಕೂಡಲೇ ಉಳಿ ಸುತ್ತಿಗೆ ಎತ್ತುವವನೂ ಹಳೆಯ ಮನೆಗೆ ಅಪಾಯಕಾರಿಗಳು. ಸಾಧ್ಯವಾದಲ್ಲಿ ಮೊದಲು ಒಂದು ಸಣ್ಣ ಕೆಲಸ ಕೊಟ್ಟು ನೋಡಿ, ಬಳಿಕ ದೊಡ್ಡ ಕೆಲಸ ಒಪ್ಪಿಸುವುದು ಕ್ಷೇಮ.

ಮಾಲಿನ ವಿಷಯ

ಪೈಪುಗಳನ್ನು ಕೊಳ್ಳುವಾಗ ಐ.ಎಸ್. ಗುರುತನ್ನು ನೋಡಬೇಕು. ಜಿ.ಐ. ಪೈಪಿಗೆ ಐ.ಎಸ್. 1239, ಅದರಲ್ಲಿ ತೆಳು ದರ್ಜೆಗೆ ಹಳದಿ, ಮಧ್ಯಮಕ್ಕೆ ನೀಲಿ, ದಪ್ಪಕ್ಕೆ ಕೆಂಪು ಪಟ್ಟಿಯ ಗುರುತಿರುತ್ತದೆ. ಕುಡಿಯುವ ನೀರಿನ ಯು.ಪಿ.ವಿ.ಸಿ. ಪೈಪಿಗೆ ಐ.ಎಸ್. 4985, ಬಿಸಿನೀರನ್ನೂ ತಾಳುವ ಸಿ.ಪಿ.ವಿ.ಸಿ.ಗೆ ಐ.ಎಸ್. 15778. ಬಚ್ಚಲುಮನೆಯ ಗೀಸರ್ ಅಥವಾ ಸೌರ ಹೀಟರಿನ ಲೈನಿಗೆ ಸಾಮಾನ್ಯ ಪಿ.ವಿ.ಸಿ. ಹಾಕಿದರೆ ಅದು ಬಾಗಿ ಸೋರುವುದು ಖಂಡಿತ. ಬಿಸಿಲಿಗೆ ಒಡ್ಡಿದ ಪ್ಲಾಸ್ಟಿಕ್ ಪೈಪಿಗೆ ಬಣ್ಣ ಬಳಿಯುವುದು ಉಚಿತ. ಸಮುದ್ರದ ಸಮೀಪ ಸ್ಟೀಲಿನ ಕ್ಲ್ಯಾಂಪು, ಸ್ಕ್ರೂಗಳು 304ರ ಬದಲು 316 ದರ್ಜೆಯವಾದರೆ ಉಪ್ಪುಗಾಳಿಗೆ ಹೆಚ್ಚು ಕಾಲ ತಾಳುತ್ತವೆ.

ಸುಣ್ಣದ ಗಾರೆಯ ಗೋಡೆಯನ್ನು ಉದ್ದಕ್ಕೂ ಕೊರೆದು ಹೊಸ ಪೈಪು ಹೂಳುವುದಕ್ಕಿಂತ ಹಳೆಯ ಲೈನನ್ನು ಮುಚ್ಚಿಬಿಟ್ಟು, ಗೋಡೆಯ ಹೊರಮೈಯಲ್ಲಿ ಹೊಸ ಲೈನು ಹಾಕುವುದು ಅನೇಕ ಸಂದರ್ಭಗಳಲ್ಲಿ ಮೇಲು. ನೋಟಕ್ಕೆ ಅಷ್ಟು ಚೆಂದವಲ್ಲದಿದ್ದರೂ ಮುಂದಿನ ಸೋರಿಕೆ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ.

ಕರಾರು

ಕೆಲಸ ಸಣ್ಣದಾದರೂ ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಇಬ್ಬರಿಗೂ ಹಿತ. ಮಜೂರಿ ಮತ್ತು ಮಾಲಿನ ದರ ಬೇರೆ ಬೇರೆಯಾಗಿರಲಿ. ಗೋಡೆ ಒಡೆದರೆ ಮತ್ತೆ ಗಾರೆ ಹಚ್ಚುವ ಹೊಣೆ ಯಾರದೆಂದು ಸ್ಪಷ್ಟವಾಗಿರಲಿ. ಲೈನಿಗೆ ನೀರು ತುಂಬಿಸಿ ಕನಿಷ್ಠ ಒಂದು ರಾತ್ರಿ ಬಿಟ್ಟು ನೋಡಿದ ಮೇಲೆಯೇ ಗೋಡೆ ಮುಚ್ಚತಕ್ಕದ್ದೆಂದು ನಮೂದಿಸಬೇಕು. ಮುಚ್ಚುವ ಮೊದಲು ಫೋಟೋ ತೆಗೆದು, ಪೈಪು ಹೋಗುವ ದಾರಿಯ ಒಂದು ಸರಳ ನಕ್ಷೆಯನ್ನು ಮನೆಯ ದಸ್ತಾವೇಜುಗಳ ಜೊತೆ ಇಡಬೇಕು. ಹಳೆಯ ಮನೆಗಳಲ್ಲಿ ಈ ನಕ್ಷೆ ಒಬ್ಬ ಕೆಲಸಗಾರನ ತಲೆಯೊಳಗೆ ಮಾತ್ರ ಇರುತ್ತದೆ. ಆತನು ಬರುವುದನ್ನು ನಿಲ್ಲಿಸಿದ ದಿನ ಅದೂ ಹೋಗುತ್ತದೆ.

ಒಂದು ವಿಷಯದಲ್ಲಿ ಯಾವ ರಿಯಾಯಿತಿಯೂ ಸಲ್ಲದು. ಶೌಚದ ಹೊಂಡ ತುಂಬಿದಾಗ ಪ್ಲಂಬರನ್ನಾಗಲಿ ಆತನ ಸಹಾಯಕನನ್ನಾಗಲಿ ಹೊಂಡದೊಳಗೆ ಇಳಿಸಕೂಡದು. ರಕ್ಷಣಾ ಸಾಧನಗಳಿಲ್ಲದೆ ಯಾರನ್ನಾದರೂ ಇಂತಹ ಅಪಾಯದ ಕೆಲಸಕ್ಕೆ ತೊಡಗಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಮೊದಲ ತಪ್ಪಿಗೇ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂ.ವರೆಗೆ ದಂಡ, ಅಥವಾ ಎರಡೂ ವಿಧಿಸಬಹುದಾಗಿದೆ. ಹೊಂಡದ ವಿಷಾನಿಲಕ್ಕೆ ಸಿಕ್ಕಿ ಹೋದ ಜೀವಕ್ಕೆ ದಂಡದ ಲೆಕ್ಕ ಸಾಲುವುದೂ ಇಲ್ಲ. ಯಂತ್ರದ ಗಾಡಿಯನ್ನೇ ಕರೆಸಬೇಕು.

ಲೆಕ್ಕಪತ್ರ ಮತ್ತು ತೆರಿಗೆ

ಕೆಳಗೆ ಅಂಗಡಿ, ಮೇಲೆ ಮನೆ ಇರುವಲ್ಲಿ ಖರ್ಚನ್ನು ವಿಂಗಡಿಸಿಯೇ ಬರೆಯಬೇಕು. ವಾಸದ ಭಾಗದ ರಿಪೇರಿ ಸ್ವಂತ ಖರ್ಚು; ಅದನ್ನು ವ್ಯಾಪಾರದ ಲೆಕ್ಕಕ್ಕೆ ಸೇರಿಸಲಾಗದು. ವ್ಯಾಪಾರದ ಭಾಗದ ಖರ್ಚಿಗೆ ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟರೆ ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಅದು ಮಾನ್ಯವಾಗುವುದಿಲ್ಲ. ಬಾಡಿಗೆಗೆ ಕೊಟ್ಟ ಮನೆಯಾದರೆ ಬಾಡಿಗೆ ಆದಾಯದಲ್ಲಿ ಶೇಕಡಾ 30ರ ನಿಗದಿತ ಕಡಿತ ದೊರೆಯುವುದರಿಂದ ಪ್ಲಂಬರನ ಬಿಲ್ಲಿಗೆ ಪ್ರತ್ಯೇಕ ಕಡಿತವಿಲ್ಲ. ಆದರೂ ಮನೆಯ ಸಮಸ್ತ ಪೈಪುಗಳನ್ನು ಬದಲಾಯಿಸಿದಂತಹ ದೊಡ್ಡ ಕೆಲಸದ ಬಿಲ್ಲುಗಳನ್ನು ಜೋಪಾನವಾಗಿಡಬೇಕು. ಮುಂದೆ ಮನೆ ಮಾರುವ ಸಂದರ್ಭದಲ್ಲಿ ಸುಧಾರಣಾ ವೆಚ್ಚವೆಂದು ಕೇಳಿಕೊಳ್ಳಲು ಅವು ಆಧಾರವಾಗಬಲ್ಲವು. ವರ್ಷಕ್ಕೆ 20 ಲಕ್ಷ ರೂ.ಗಿಂತ ಕಡಿಮೆ ವಹಿವಾಟಿನ ಪ್ಲಂಬರ್ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಮಾಡಿಸಬೇಕಾಗಿಲ್ಲ. ನೋಂದಣಿ ಇಲ್ಲದವನು ಬಿಲ್ಲಿನಲ್ಲಿ ಆ ತೆರಿಗೆಯನ್ನು ವಸೂಲು ಮಾಡುವಂತೆಯೂ ಇಲ್ಲ.

ಎಂಟುನೂರೈವತ್ತು ರೂಪಾಯಿ

ಹಳೆಯ ಪೇಟೆಯ ಆ ವರ್ತಕರು ಕೊನೆಗೆ ತಾವೇ ಹಿರಿಯ ಪ್ಲಂಬರನ ಮನೆಗೆ ಹೋದರು. ಅಲ್ಲಿ ತಿಳಿದುಬಂದ ಸಂಗತಿ ಇಷ್ಟು: ಎರಡು ವರ್ಷಗಳ ಹಿಂದೆ ಮಾಡಿದ ಕೆಲಸದಲ್ಲಿ 850 ರೂ. ಬಾಕಿ ಉಳಿದಿತ್ತು. ಅದನ್ನು ಕೇಳಲು ಅವರು ಮೂರು ಬಾರಿ ಅಂಗಡಿಗೆ ಬಂದಿದ್ದರು. ಒಮ್ಮೆ ‘ನಾಳೆ’, ಒಮ್ಮೆ ‘ಧಣಿ ಇಲ್ಲ’, ಮತ್ತೊಮ್ಮೆ ‘ಗಿರಾಕಿ ಇದ್ದಾರೆ, ಆಮೇಲೆ’ ಎಂಬ ಉತ್ತರ ದೊರೆತಿತ್ತು. ನಾಲ್ಕನೆಯ ಸಲ ಅವರು ಬರಲಿಲ್ಲ.

ವರ್ತಕರು ಬಾಕಿಯನ್ನು ಕೊಟ್ಟು ಕ್ಷಮೆ ಕೇಳಿದರು. ಮರುದಿನ ಬೆಳಗ್ಗೆ ಪ್ಲಂಬರ್ ಬಂದರು. “ಧಣಿ, ಗೋಡೆ ಒಡೆಯುವುದು ಕಡೆಗೆ. ಮೊದಲು ಮೀಟರ್ ನೋಡುವ” ಎಂದರು. ಟ್ಯಾಂಕಿಯ ವಾಲ್ವ್ ಮುಚ್ಚಿದ ಮೇಲೂ ಮೀಟರ್ ತಿರುಗುತ್ತಿತ್ತು. ಮೆಟ್ಟಿಲಿನ ಹಿಂದೆ, ತಾವೇ ಹಿಂದೊಮ್ಮೆ ಗಾರೆಯಡಿ ಮುಚ್ಚಿದ್ದ ಒಂದು ಜೋಡಣೆಯ ಜಾಗವನ್ನು ಅವರು ಬೆರಳಿನಿಂದ ತೋರಿಸಿದರು. ಅಂಗೈಯಗಲ ಗಾರೆ ತೆಗೆದಾಗ ತುಕ್ಕು ಹಿಡಿದ ಆ ಜೋಡಣೆಯಿಂದ ನೀರು ಜಿನುಗುತ್ತಿತ್ತು. ಅದು ತೇವ ಕಾಣಿಸಿದ ಗೋಡೆಯಿಂದ ಎಂಟು ಅಡಿ ದೂರದಲ್ಲಿತ್ತು. ಹಳೆಯ ಲೈನನ್ನು ಮುಚ್ಚಿ ಹೊರಗಿನಿಂದ ಹೊಸ ಪೈಪು ಹಾಕಲು ಒಂದು ದಿನ ಸಾಕಾಯಿತು. ಹಂಚಿನ ಕೆಲಸ, ಗೋಡೆಯ ರಿಪೇರಿ, ಹಾಳಾದ ಒಣಮೆಣಸು ಇವುಗಳ ಮೊತ್ತವನ್ನು ವರ್ತಕರು ಬಾಕಿಯ ಮೊತ್ತದ ಪಕ್ಕದಲ್ಲಿ ಬರೆದು ನೋಡಿದರೆಂದೂ, ಆ ಚೀಟಿಯನ್ನು ಇನ್ನೂ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿರುವರೆಂದೂ ಹೇಳಲಾಗುತ್ತದೆ.

ದೊಡ್ಡ ಸಂಸ್ಥೆಗಳು ಬಿಲ್ಲಿನ ಹಣವನ್ನು ಸಕಾಲದಲ್ಲಿ ಪಾವತಿ ಮಾಡುವುದಿಲ್ಲವೆಂಬುದು ಸಣ್ಣ ಉದ್ದಿಮೆದಾರರ ಬಹುಕಾಲದ ದೂರು. ಅದಕ್ಕಾಗಿಯೇ 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಧಿನಿಯಮವು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಪಾವತಿ ಮಾಡಲು 45 ದಿನಗಳ ಮಿತಿಯನ್ನು ವಿಧಿಸಿತು. ತಮಗೆ ಬರಬೇಕಾದ ಹಣಕ್ಕೆ ಈ ನ್ಯಾಯವನ್ನು ಕೇಳುವವರು, ತಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತಿರುವ ಕೆಲಸಗಾರನಿಗೂ ಅದನ್ನೇ ನೀಡತಕ್ಕದ್ದು ಯುಕ್ತ. ನಂಬಿಗಸ್ತ ಪ್ಲಂಬರನ್ನು ಹುಡುಕುವುದು ಅರ್ಧ ಕೆಲಸ. ಆತನು ನಂಬುವಂತಹ ಮನೆಯಾಗಿ ಉಳಿಯುವುದು ಇನ್ನರ್ಧ.

ಹಳೆಯ ಮನೆಯುಳ್ಳವರು ಪ್ರತಿವರ್ಷ ಪತ್ತನಾಜೆಗೆ ಮೊದಲೇ ಒಮ್ಮೆ ಪ್ಲಂಬರನ್ನು ಕರೆಸಿ ವಾಲ್ವು, ಟ್ಯಾಂಕಿ, ಮಳೆನೀರಿನ ದಂಬೆಗಳನ್ನು ನೋಡಿಸುವುದು, ಗೋದಾಮಿನ ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡುವುದು ಉತ್ತಮ. ಮಳೆ ಹಿಡಿದ ಮೇಲೆ ಊರಿನ ಎಲ್ಲ ಮನೆಗಳಿಂದಲೂ ಆತನಿಗೆ ಕರೆ ಬರುತ್ತದೆ. ಆಗ ಆತನು ಮೊದಲು ಹೋಗುವುದು ಹಿಂದಿನ ವರ್ಷದ ಲೆಕ್ಕ ಚುಕ್ತಾ ಆಗಿರುವ ಮನೆಗೆ.