ಮಾತು ನಿಂತ ಯಂತ್ರ

ಗುಡ್ಡವನ್ನು ಕಡಿದು ರಸ್ತೆಯನ್ನು ಅಗಲಿಸುವಲ್ಲಿ, ಮನೆಯ ತಳಪಾಯಕ್ಕಾಗಿ ಮುರಕಲ್ಲನ್ನು ಅಗೆಯುವಲ್ಲಿ, ತೋಡಿನ ಹೂಳನ್ನು ಎತ್ತುವಲ್ಲಿ ಉಡುಪಿ ಜಿಲ್ಲೆಯ ಜನ ನಿತ್ಯವೂ ಕಾಣುವ ಯಂತ್ರವೊಂದುಂಟು. ಉಕ್ಕಿನ ಪಟ್ಟಿಗಳ ಮೇಲೆ ತೆವಳುತ್ತ, ಉದ್ದನೆಯ ತೋಳನ್ನು ಚಾಚಿ ಮಣ್ಣನ್ನು ಬಾಚುವ ಈ ಯಂತ್ರದ ಹೆಸರು ಎಕ್ಸ್‌ಕವೇಟರ್. ತಯಾರಿಸಿದ ಕಂಪೆನಿ ಯಾವುದೇ ಇರಲಿ, ನಮ್ಮವರ ಬಾಯಲ್ಲಿ ಅದು 'ಹಿಟಾಚಿ'ಯೇ ಸರಿ. ಇದರ ಬಲವೆಲ್ಲ ಎಣ್ಣೆಯ ಒತ್ತಡದಲ್ಲಿದೆ ಎಂಬುದು ಬಹುಮಂದಿಗೆ ತಿಳಿದ ಸಂಗತಿ. ಆದರೆ ಆ ಬಲವನ್ನು ಆಳುವ ಆಜ್ಞೆಗಳು ಎರಡು ಸಪುರ ತಂತಿಗಳ ಮೇಲೆ ಹರಿದಾಡುತ್ತವೆ ಎಂಬುದನ್ನು ಬಲ್ಲವರು ಕಡಮೆ. ಆ ತಂತಿಗಳಲ್ಲಿ ಮಾತು ನಿಂತರೆ ಇಪ್ಪತ್ತು ಟನ್ನಿನ ಯಂತ್ರವೂ ನಿಂತಲ್ಲೇ ನಿಲ್ಲಬಹುದು.

ಇಂಥ ಯಂತ್ರದ ಬಾಡಿಗೆ ಗಂಟೆಯ ಲೆಕ್ಕದ್ದು. ಯಂತ್ರ ನಿಂತಿತೆಂದು ಬ್ಯಾಂಕಿನ ಕಂತು ನಿಲ್ಲುವುದಿಲ್ಲ, ಮಳೆಗಾಲವೂ ಕಾಯುವುದಿಲ್ಲ. ಹೀಗಿರಲು ಚಾಲಕನ ಮುಂದಿನ ಪರದೆಯಲ್ಲಿ 'ಎಂಜಿನ್ ನಿಯಂತ್ರಕದಿಂದ ಸಂದೇಶವಿಲ್ಲ' ಎಂಬ ಅರ್ಥದ ಸಂಕೇತ ಮೂಡಿದೊಡನೆ, ನಿಯಂತ್ರಕವೇ ಕೆಟ್ಟಿತೆಂದು ಬಗೆದು ದುಬಾರಿಯಾದ ಹೊಸದೊಂದನ್ನು ತರಿಸುವವರುಂಟು. ಊರಿನಿಂದ ಕಾಗದ ಬರಲಿಲ್ಲವೆಂದ ಮಾತ್ರಕ್ಕೆ ಬರೆಯುವವನೇ ಇಲ್ಲವೆಂದು ತೀರ್ಮಾನಿಸಬಹುದೆ? ಅಂಚೆಯ ದಾರಿ ಕಡಿದಿರಬಹುದಷ್ಟೆ. ಪರದೆಯ ಸಂಕೇತ ತಿಳಿಸುವುದು ಮೌನವನ್ನು, ಮೌನದ ಕಾರಣವನ್ನಲ್ಲ. ಕಾರಣವನ್ನು ನಾವೇ ಹುಡುಕಬೇಕು.

ಎರಡು ತಂತಿಗಳ ಭಾಷೆ

ಯಂತ್ರದೊಳಗೆ ಎಂಜಿನ್ನಿಗೊಂದು, ಎಣ್ಣೆಯ ಪಂಪುಗಳಿಗೊಂದು, ಪರದೆಗೊಂದು ಎಂದು ಹಲವು ಪುಟ್ಟ ಗಣಕಗಳಿರುತ್ತವೆ. ಇವನ್ನೇ ನಿಯಂತ್ರಕಗಳೆನ್ನುವುದು. ಒಂದೊಂದು ಸುದ್ದಿಗೂ ಒಂದೊಂದು ತಂತಿಯನ್ನು ಎಳೆಯುತ್ತ ಹೋದರೆ ತಂತಿಗಳ ಕಟ್ಟು ತೋಳಿನಷ್ಟು ದಪ್ಪವಾದೀತು. ಈ ತೊಡಕಿಗೆ ಜರ್ಮನಿಯ ಬಾಷ್ ಸಂಸ್ಥೆ ಒಂದು ಪರಿಹಾರವನ್ನು ಕಂಡುಹಿಡಿದು, ೧೯೮೬ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಪ್ರಕಟಿಸಿತು. 'ಕಂಟ್ರೋಲರ್ ಏರಿಯಾ ನೆಟ್‌ವರ್ಕ್' ಎಂಬ ಈ ವ್ಯವಸ್ಥೆಯನ್ನು ಚಿಕ್ಕದಾಗಿ 'ಕ್ಯಾನ್' ಎನ್ನುತ್ತಾರೆ. ಮೊದಲು ಮೋಟಾರು ಕಾರುಗಳಿಗಾಗಿ ಹುಟ್ಟಿದ ಇದು ಮುಂದೆ ಲಾರಿ, ಟ್ರ್ಯಾಕ್ಟರ್, ಎಕ್ಸ್‌ಕವೇಟರುಗಳಿಗೂ ಹಬ್ಬಿತು.

ಇಲ್ಲಿ ಎಲ್ಲ ನಿಯಂತ್ರಕಗಳೂ ಒಂದೇ ಜೊತೆ ತಂತಿಗೆ ಅಂಟಿಕೊಂಡಿರುತ್ತವೆ. ಮಾತಿಲ್ಲದಾಗ ಎರಡು ತಂತಿಗಳೂ ಸುಮಾರು ೨.೫ ವೋಲ್ಟಿನಲ್ಲಿರುತ್ತವೆ. ಸಂಕೇತ ಕಳುಹಿಸುವಾಗ ಒಂದು ೩.೫ಕ್ಕೆ ಏರುತ್ತದೆ, ಇನ್ನೊಂದು ೧.೫ಕ್ಕೆ ಇಳಿಯುತ್ತದೆ. ಕೇಳುವವರು ಗಮನಿಸುವುದು ಇವೆರಡರ ನಡುವಣ ಅಂತರವನ್ನು ಮಾತ್ರ. ತಂತಿಗಳನ್ನು ಒಂದಕ್ಕೊಂದು ಹೊಸೆದಿರುವುದರಿಂದ ಹೊರಗಿನ ವಿದ್ಯುತ್ ಗದ್ದಲ ಎರಡರ ಮೇಲೂ ಸಮನಾಗಿ ಬೀಳುತ್ತದೆ, ಅಂತರ ಕೆಡುವುದಿಲ್ಲ. ಇಂಥ ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ೨,೫೦,೦೦೦ ಸಂಕೇತಗಳು, ಎಂದರೆ ಒಂದಕ್ಕೆ ಕೇವಲ ೪ ಮೈಕ್ರೋಸೆಕೆಂಡಿನಂತೆ ಸಾಗುತ್ತವೆ. ಪದೇ ಪದೇ ತಪ್ಪಾಗಿ ನುಡಿಯುವ ನಿಯಂತ್ರಕ ತನ್ನ ತಪ್ಪುಗಳನ್ನು ತಾನೇ ಎಣಿಸಿಕೊಂಡು, ಲೆಕ್ಕ ೨೫೫ನ್ನು ಮೀರಿದೊಡನೆ ಸಭೆಯಿಂದ ಹೊರನಡೆಯುವ ಏರ್ಪಾಡೂ ಉಂಟು.

ಕಾಪುವಿನ ಅಲೆಗಳು

೧೯೦೧ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ಬಂಡೆಯ ಬಳಿ ನಿಂತು ನೋಡಿರಿ. ಕಡಿದಾದ ಬಂಡೆಗೆ ಬಡಿದ ಅಲೆ ಹಿಂದಿರುಗಿ, ಎದುರು ಬರುವ ಅಲೆಯನ್ನು ಕಲಕುತ್ತದೆ. ಪಕ್ಕದ ಇಳಿಜಾರು ಮರಳಿನ ಮೇಲೆ ಏರಿದ ಅಲೆಯಾದರೋ ಅಲ್ಲಿಯೇ ಸತ್ತುಹೋಗುತ್ತದೆ. ತಂತಿಯ ಸಂಕೇತವೂ ಒಂದು ಅಲೆಯೇ. ತಂತಿ ಥಟ್ಟನೆ ಕೊನೆಗೊಂಡರೆ ಅದು ಮರಳಿ ಬಂದು ಮುಂದಿನ ಮಾತನ್ನು ಕೆಡಿಸುತ್ತದೆ. ಆದುದರಿಂದ ತಂತಿಗಳ ಎರಡು ತುದಿಗಳಲ್ಲಿಯೂ ೧೨೦ ಓಮಿನ ಒಂದೊಂದು ರೋಧಕವನ್ನು ಇಟ್ಟಿರುತ್ತಾರೆ. ಅಲೆಯನ್ನು ಹೀರಿಕೊಳ್ಳುವ ಮರಳದಂಡೆ ಇದು.

ಅರವತ್ತರ ಸಾಕ್ಷ್ಯ

ಈ ಎರಡು ರೋಧಕಗಳೇ ರೋಗ ಪತ್ತೆಗೆ ನಮ್ಮ ಕೈಗೆ ಸಿಗುವ ಮೊದಲ ಹಿಡಿ. ಯಂತ್ರವನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಬಕೆಟ್ಟನ್ನು ನೆಲಕ್ಕಿಳಿಸಿ, ಎಂಜಿನನ್ನು ಆರಿಸಿ, ಬ್ಯಾಟರಿಯ ಸಂಬಂಧವನ್ನು ಕಡಿಯಬೇಕು. ಕೆಲವು ನಿಮಿಷಗಳ ಬಳಿಕ ಪರೀಕ್ಷಾ ಸಾಕೆಟ್ಟಿನಲ್ಲಿ ಎರಡು ಕ್ಯಾನ್ ತಂತಿಗಳ ನಡುವೆ ಮಲ್ಟಿಮೀಟರನ್ನು ಹಿಡಿಯಬೇಕು. ೧೨೦ ಓಮಿನ ಎರಡು ರೋಧಕಗಳು ಸಮಾಂತರವಾಗಿರುವುದರಿಂದ ೬೦ ಓಮ್ ಬರಬೇಕು.

೧೨೦ ಬಂದರೆ ಒಂದು ರೋಧಕ ಕಳೆದಿದೆ, ಇಲ್ಲವೆ ಮುಖ್ಯ ತಂತಿ ನಡುವೆ ಕಡಿದಿದೆ. ರೋಧಕಗಳನ್ನು ಬಿಚ್ಚಿ ಬೇರೆ ಬೇರೆಯಾಗಿ ಅಳೆದಾಗ ಎರಡೂ ಸರಿಯಿದ್ದರೆ ದೋಷ ತಂತಿಯದು ಅಥವಾ ಅದರ ಕೂಡಿಕೆಯದು. ಸೊನ್ನೆಯ ಸಮೀಪ ಬಂದರೆ ಎರಡು ತಂತಿಗಳು ಎಲ್ಲಿಯೋ ತಾಗಿಕೊಂಡಿವೆ. ೪೦ ಬಂದರೆ ಯಾರೋ ಮೂರನೆಯ ರೋಧಕವೊಂದನ್ನು ಸೇರಿಸಿದ್ದಾರೆ. ೬೦ ಬಂದ ಮಾತ್ರಕ್ಕೆ ಎಲ್ಲವೂ ಸರಿಯೆನ್ನುವಂತಿಲ್ಲ. ಕವಲುತಂತಿಯೊಂದು ಕಡಿದರೂ ಮುಖ್ಯ ತಂತಿ ಅರವತ್ತನ್ನೇ ತೋರಿಸುವುದು. ಆಗ ಮೂಕವಾದ ನಿಯಂತ್ರಕ ಯಾವುದೆಂದು ನೋಡಿ, ಅದರ ಕವಲನ್ನೂ ಅದಕ್ಕೆ ಬರುವ ವಿದ್ಯುತ್ತನ್ನೂ ಭೂತಂತಿಯನ್ನೂ ಪರೀಕ್ಷಿಸಬೇಕು.

ಬಳಿಕ ಬ್ಯಾಟರಿಯನ್ನು ಜೋಡಿಸಿ, ಕೀಲಿಯನ್ನು ತಿರುಗಿಸಿ ವೋಲ್ಟನ್ನು ಅಳೆಯೋಣ. ಮೀಟರು ಮೈಕ್ರೋಸೆಕೆಂಡಿನ ಏರಿಳಿತವನ್ನು ಹಿಡಿಯಲಾರದು, ಸರಾಸರಿಯನ್ನು ತೋರಿಸುತ್ತದೆ. ಮಾತು ನಡೆದಿದ್ದರೆ ಒಂದು ತಂತಿ ೨.೫ಕ್ಕಿಂತ ತುಸು ಮೇಲೆ, ಇನ್ನೊಂದು ತುಸು ಕೆಳಗೆ, ಎರಡರ ಮೊತ್ತ ೫ರ ಆಸುಪಾಸಿನಲ್ಲಿರುತ್ತದೆ. ಒಂದು ತಂತಿ ಸೊನ್ನೆಯಲ್ಲಿದ್ದರೆ ಅದು ಯಂತ್ರದ ಮೈಗೆ ತಾಗಿದೆ. ೨೪ ವೋಲ್ಟಿದ್ದರೆ ಬ್ಯಾಟರಿಯ ತಂತಿಗೆ ತಾಗಿದೆ. ಕೀಲಿಯನ್ನು ಆರಿಸಿ ಒಂದೊಂದೇ ನಿಯಂತ್ರಕವನ್ನು ಬಿಚ್ಚುತ್ತ, ಮತ್ತೆ ಅಳೆಯುತ್ತ ಹೋದರೆ, ಯಾವುದನ್ನು ಬಿಚ್ಚಿದಾಗ ಉಳಿದವು ಮಾತಾಡತೊಡಗುವುವೋ ಅಲ್ಲಿ ದೋಷವಿದೆ. ಕೆಲವು ನಿಯಂತ್ರಕಗಳ ಹೊಟ್ಟೆಯಲ್ಲಿಯೇ ೧೨೦ ಓಮಿನ ರೋಧಕವಿರುವುದನ್ನು ಮಾತ್ರ ಮರೆಯಬಾರದು.

ಊರಿಗೊಂದು ರೋಗ

ಎಲ್ಲಿ ಹುಡುಕಬೇಕೆಂಬುದನ್ನು ಯಂತ್ರ ದುಡಿದ ನೆಲವೇ ಸೂಚಿಸುತ್ತದೆ. ಕಾಪುವಿನ ಕಡಲಗಾಳಿಯಲ್ಲಿ ಉಪ್ಪಿದೆ. ಉಪ್ಪುನೀರು ವಿದ್ಯುತ್ತನ್ನು ಒಯ್ಯುತ್ತದೆ. ಕೂಡಿಕೆಯೊಳಗೆ ಅದು ಸೇರಿದರೆ ವಿದ್ಯುದ್ವಿಭಜನೆಯಿಂದ ತಾಮ್ರದ ಸೂಜಿ ಸವೆದು ಹಸುರು ಕಿಲುಬು ಕಟ್ಟುತ್ತದೆ. ಉಡುಪಿ, ಮಣಿಪಾಲಗಳ ಗುಡ್ಡಗಳಲ್ಲಿರುವುದು ಮುರಕಲ್ಲು. ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆ ಬೀಳುವ ಈ ನಾಡಿನಲ್ಲಿ ಅದರ ಕೆಂಪು ಕೆಸರು ಎಲ್ಲಿಗೂ ನುಸುಳುತ್ತದೆ. ಕೆಸರನ್ನು ಕಳೆಯಲು ಒತ್ತಡದ ನೀರನ್ನು ನೇರವಾಗಿ ಕೂಡಿಕೆಗಳಿಗೆ ಹಾಯಿಸಿದರೆ, ರಬ್ಬರಿನ ತಡೆಯನ್ನು ದಾಟಿ ನೀರು ಒಳಸೇರುವುದು.

ಕಾರ್ಕಳದ್ದು ಬೇರೆ ಕಥೆ. ೧೪೩೨ರಲ್ಲಿ ಪ್ರತಿಷ್ಠಾಪಿತನಾದ ಗೊಮ್ಮಟನ ಊರು ಕಗ್ಗಲ್ಲಿನ ನಾಡು. ಅಲ್ಲಿ ತೋಳಿನ ತುದಿಗೆ ಕಲ್ಲೊಡೆಯುವ ಸುತ್ತಿಗೆಯನ್ನು ಕಟ್ಟಿ ದುಡಿಸಿದಾಗ ಯಂತ್ರವೆಲ್ಲ ನಡುಗುತ್ತದೆ. ಸೂಜಿಗಳು ಒಂದಕ್ಕೊಂದು ಉಜ್ಜಿ, ಆಕ್ಸೈಡಿನ ಪುಡಿ ಹುಟ್ಟಿ, ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ. ನಿಂತ ಯಂತ್ರದಲ್ಲಿ ಅಳೆದರೆ ೬೦ ಓಮೇ ಬಂದೀತು! ಆಗ ಮೀಟರನ್ನು ನೋಡುತ್ತ ತಂತಿಗಳ ಕಟ್ಟನ್ನು ಮೆಲ್ಲನೆ ಅಲುಗಿಸಬೇಕು. ಅಂಕಿ ಜಿಗಿದಲ್ಲಿ ದೋಷ ಅಡಗಿದೆ. ಸವೆದ ಬಕೆಟ್ಟಿಗೆ ವಿದ್ಯುತ್ ವೆಲ್ಡಿಂಗ್ ಮಾಡುವಾಗ ಬ್ಯಾಟರಿಯನ್ನೂ ನಿಯಂತ್ರಕಗಳನ್ನೂ ಬಿಚ್ಚಿಡುವುದು, ಭೂತಂತಿಯ ಹಿಡಿಯನ್ನು ಬೆಸುಗೆಯ ಬಳಿಯೇ ಕಚ್ಚಿಸುವುದು ಅಗತ್ಯ. ಇಲ್ಲವಾದರೆ ನೂರಾರು ಆಂಪಿಯರಿನ ಪ್ರವಾಹ ಅಡ್ಡದಾರಿ ಹಿಡಿದು, ನಿಜವಾಗಿಯೂ ನಿಯಂತ್ರಕವನ್ನೇ ಸುಟ್ಟೀತು.

ಭೂತಂತಿಯ ಮಾತೂ ಹೀಗೆಯೇ. ತುಕ್ಕು ಹಿಡಿದ ಕೂಡಿಕೆಯ ರೋಧ ಓಮಿನ ನೂರರಲ್ಲೊಂದು ಪಾಲೇ ಇರಲಿ. ಅದರ ಮೂಲಕ ೫೦೦ ಆಂಪಿಯರ್ ಹರಿದರೆ ೫ ವೋಲ್ಟು ಅಲ್ಲಿಯೇ ನಷ್ಟ. ಎಂಜಿನನ್ನು ಚಾಲೂ ಮಾಡುವ ಕ್ಷಣದಲ್ಲಿ ನಿಯಂತ್ರಕ ತೂಕಡಿಸುವುದಕ್ಕೆ ಅಷ್ಟು ಸಾಕಾಗಬಹುದು.

ಜಾರ್ಜ್ ಓಮ್ ತನ್ನ ನಿಯಮವನ್ನು ಪ್ರಕಟಿಸಿದುದು ೧೮೨೭ರಲ್ಲಿ. ನಮ್ಮ ಶಾಲೆಯ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಆ ಒಂದು ಸಾಲು, ಗಣಕಗಳು ತುಂಬಿದ ಯಂತ್ರದ ಮೌನವನ್ನೂ ಬಿಡಿಸಬಲ್ಲುದು. ನಿಯಂತ್ರಕ ಕೆಡುವುದೇ ಇಲ್ಲವೆಂದಲ್ಲ. ಆದರೆ ಅದರ ಸರದಿ ಬರಬೇಕಾದುದು ತಂತಿ, ಕೂಡಿಕೆ, ಭೂತಂತಿಗಳ ವಿಚಾರಣೆ ಮುಗಿದ ಮೇಲೆ. ಕೆಲವು ನೂರು ರೂಪಾಯಿಯ ಮೀಟರು, ಒಂದು ಗಂಟೆಯ ತಾಳ್ಮೆ ಇವೆರಡನ್ನು ಮೊದಲು ವೆಚ್ಚಮಾಡಿದವನು, ಕಿಲುಬು ಹಿಡಿದ ಒಂದು ಸೂಜಿಯನ್ನು ಒರಸಿದಲ್ಲಿಗೇ ಕೆಲಸ ಮುಗಿಸಿ, ಮಳೆ ಬರುವ ಮುನ್ನ ಯಂತ್ರವನ್ನು ಮತ್ತೆ ಗುಡ್ಡಕ್ಕೆ ಏರಿಸಬಹುದು.