ಕಣ್ತಪ್ಪಿದ ಹೆಜ್ಜೆ

ಉದ್ದ ಜಿಗಿತದ ಅಭ್ಯಾಸವನ್ನು ನೀವೆಲ್ಲರೂ ನೋಡಿದ್ದೀರಿ. ಬಾಲಕನೊಬ್ಬನು ಓಡಿಬಂದು ಹಲಗೆಯನ್ನು ಮೆಟ್ಟಿ ನೆಗೆಯುತ್ತಾನೆ. “ಹಲಗೆಯ ಬಳಿ ನಿನ್ನ ವೇಗ ತಗ್ಗಿತು” ಎನ್ನುತ್ತಾರೆ ಶಿಕ್ಷಕರು. “ಇಲ್ಲ ಸಾರ್, ಜೋರಾಗಿಯೇ ಓಡಿದೆ” ಎನ್ನುತ್ತಾನೆ ಬಾಲಕ. ಇಬ್ಬರೂ ಸುಳ್ಳಾಡುತ್ತಿಲ್ಲ. ನಡೆದುದನ್ನು ಮತ್ತೆ ನೋಡುವ ಉಪಾಯವಿಲ್ಲದಿದ್ದರೆ ಈ ವಾದ ತೀರುವುದೆಂತು?

ಮನುಷ್ಯನ ಕಣ್ಣು ಅತಿವೇಗದ ಚಲನೆಯನ್ನು ಬಿಡಿಬಿಡಿಯಾಗಿ ಗ್ರಹಿಸಲಾರದು. ಸಾವಿರಾರು ವರ್ಷಗಳಿಂದ ಕುದುರೆಯ ಓಟವನ್ನು ಕಂಡಿದ್ದರೂ, ಅದರ ನಾಲ್ಕು ಕಾಲುಗಳೂ ಒಮ್ಮೆಗೇ ನೆಲ ಬಿಡುವುವೇ ಎಂಬುದು ವಿವಾದವಾಗಿಯೇ ಉಳಿದಿತ್ತು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಓಟದ ದಾರಿಯುದ್ದಕ್ಕೂ ಸಾಲಾಗಿ ಕ್ಯಾಮೆರಾಗಳನ್ನಿರಿಸಿ ಚಿತ್ರಗಳನ್ನು ತೆಗೆದನು. ನಾಲ್ಕು ಕಾಲುಗಳೂ ನೆಲ ಬಿಡುವುದು ನಿಜವೆಂದು ತಿಳಿಯಿತು. ಆದರೆ ಆಗ ಅವು ಚಿತ್ರಕಾರರು ಬರೆಯುತ್ತಿದ್ದಂತೆ ಮುಂದಕ್ಕೂ ಹಿಂದಕ್ಕೂ ಚಾಚಿರಲಿಲ್ಲ. ಹೊಟ್ಟೆಯ ಕೆಳಗೆ ಮಡಿಚಿಕೊಂಡಿದ್ದವು!

ಅಂದು ಕ್ಯಾಮೆರಾಗಳ ಸಾಲೇ ಮಾಡಿದ ಕೆಲಸವನ್ನು ಇಂದು ಒಂದು ಮೊಬೈಲ್ ಫೋನು ಮಾಡುತ್ತದೆ. ಉಡುಪಿಯ ಅಜ್ಜರಕಾಡಿನ ಕ್ರೀಡಾಂಗಣದಲ್ಲಾಗಲಿ, ಕಾಪುವಿನ ಕಡಲತೀರದ ಮರಳಿನಲ್ಲಾಗಲಿ ಅದನ್ನು ಬಳಸಬಹುದು. ನೆಗೆಯುವವನ ಪಾದ ಹಲಗೆಯ ಮೇಲಿರುವುದು ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಕಾಲ ಮಾತ್ರ. ಸೆಕೆಂಡಿಗೆ 30 ಚಿತ್ರಗಳನ್ನು ತೆಗೆದರೆ ಆ ಅವಧಿಯಲ್ಲಿ ಮೂರು ನಾಲ್ಕು ಚಿತ್ರಗಳು ದೊರೆಯುತ್ತವೆ. 240 ತೆಗೆದರೆ ಸುಮಾರು 30 ದೊರೆಯುತ್ತವೆ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿಯದೆ, ಓಟದ ದಾರಿಗೆ ಬದಿಯಿಂದ, ಪ್ರತಿಸಲವೂ ಒಂದೇ ದೂರದಲ್ಲಿ ಕದಲದಂತೆ ನಿಲ್ಲಿಸಬೇಕು. ಇಲ್ಲವಾದರೆ ನಿನ್ನೆಯ ನೆಗೆತವನ್ನು ಇಂದಿನದರೊಡನೆ ಹೋಲಿಸಲಾಗದು. ಬಳಿಕ ನಿಧಾನಗತಿಯಲ್ಲಿ ನೋಡುತ್ತ ಒಮ್ಮೆಗೆ ಒಂದೇ ಅಂಶವನ್ನು ಗಮನಿಸಬೇಕು: ಕೊನೆಯ ಹೆಜ್ಜೆ ಹಿಗ್ಗಿತೇ? ಮುಂಡ ಹಿಂದಕ್ಕೆ ವಾಲಿತೇ?

ಆದರೆ ದೃಶ್ಯವನ್ನು ನೋಡುವುದು ಬೇರೆ, ಅರಿಯುವುದು ಬೇರೆ. ಕಾರ್ಕಳದ ಮಿಯಾರು, ಕಾಪು ಬಳಿಯ ಕಟಪಾಡಿ ಮೊದಲಾದ ಊರುಗಳ ಕಂಬಳವು ಕರಾವಳಿಯ ಹೆಮ್ಮೆ. 2020ರಲ್ಲಿ ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಆ ಓಟದ ದೃಶ್ಯ ದೇಶದಾದ್ಯಂತ ಹರಡಿತು. 100 ಮೀಟರಿಗೆ 9.55 ಸೆಕೆಂಡು ಎಂದು ಲೆಕ್ಕ ಹಾಕಿದ ಜನರು, 2009ರಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ 9.58 ಸೆಕೆಂಡಿನ ದಾಖಲೆಯೇ ಮುರಿಯಿತೆಂದರು. ಅದೇ ದೃಶ್ಯವನ್ನು ತಾಳ್ಮೆಯಿಂದ ನೋಡಿದವರಿಗೆ, ಓಟಗಾರನನ್ನು ಮುಂದಕ್ಕೆಳೆಯುವ ಕೋಣಗಳ ಬಲವೂ ಕಾಣುತ್ತದೆ. ಕೆಸರಿನಲ್ಲಿ ಬರಿಗಾಲೂರಿ ಅವುಗಳ ವೇಗಕ್ಕೆ ಸರಿಸಾಟಿಯಾಗುವ ಮನುಷ್ಯನ ಸಾಮರ್ಥ್ಯವೂ ಕಾಣುತ್ತದೆ. ಎರಡೂ ಓಟಗಳು ಹಿರಿದಾದುವೇ. ಆದರೆ ಅವು ಒಂದೇ ಬಗೆಯವಲ್ಲ.

ಶಾಲೆಯ ಮೈದಾನದಲ್ಲಿಯೂ ಈ ವಿವೇಕ ಅಗತ್ಯ. ಎಡವಿದ ಗೆಳೆಯನ ಚಿತ್ರವನ್ನು ಹತ್ತು ಮಂದಿಗೆ ತೋರಿಸಿ ನಗುವುದು ಸುಲಭ. ಹಾಗೆ ಒಮ್ಮೆ ನೊಂದವನು ಮತ್ತೆ ಮೈದಾನಕ್ಕಿಳಿಯಲು ಹಿಂಜರಿದಾನು. ಆ ಚಿತ್ರ ಅವನದು. ಅವನ ಒಪ್ಪಿಗೆಯಿಲ್ಲದೆ ಅದು ಇತರರ ಕೈಸೇರಬಾರದು. ಕನ್ನಡಿಯು ಮುಖದ ಮಸಿಯನ್ನು ತೋರಿಸೀತೇ ಹೊರತು ಒರೆಸಲಾರದು. ಅಂತೆಯೇ ಕ್ಯಾಮೆರಾ ತಪ್ಪನ್ನು ತೋರುತ್ತದೆ. ತಿದ್ದುವವು ಗುರುವಿನ ಮಾತು ಮತ್ತು ಶಿಷ್ಯನ ಸತತಾಭ್ಯಾಸ. ನಿನ್ನೆಯ ತನ್ನನ್ನು ಇಂದಿನ ತನ್ನೊಡನೆ ಹೋಲಿಸಿಕೊಳ್ಳುವವನಿಗೆ ಅದಕ್ಕಿಂತ ಪ್ರಾಮಾಣಿಕನಾದ ಸಾಕ್ಷಿ ಬೇರಿಲ್ಲ.