ತೆಲಗಿಯ ಕಾಗದ, ನಮ್ಮ ಹೊಲದ ಪತ್ರ

ದಸರಾ ರಜೆಗೆ ಸಾಸಲಿಗೆ ಬಂದಿದ್ದ ಮೊಮ್ಮಗ ಒಂದು ರಾತ್ರಿ ಧಾರಾವಾಹಿಯ ಕಂತೊಂದನ್ನು ಹಾಕಿದ. ‘ಸ್ಕ್ಯಾಮ್ 2003’ ಅಂತ ಹೆಸರು. 2023ರ ಸೆಪ್ಟೆಂಬರ್‌ನಲ್ಲಿ ಸೋನಿ ಲಿವ್‌ನಲ್ಲಿ ಬಂದದ್ದು. ರೈಲಿನಲ್ಲಿ ಹಣ್ಣು ಮಾರುವ ಹುಡುಗ, ಮಾತಿನ ಮಲ್ಲ. ಗಗನ್ ದೇವ್ ರಿಯಾರ್ ಎಂಬ ನಟ ಅವನಾಗಿ ಎಷ್ಟು ಚೆನ್ನಾಗಿ ಅಭಿನಯಿಸಿದ್ದಾರೆಂದರೆ, ನಮ್ಮ ಹುಡುಗ ಕಣ್ಣು ಮಿಟುಕಿಸದೆ ನೋಡಿ, ‘ತಾತ, ಇವನು ತುಂಬಾ ಬುದ್ಧಿವಂತ ಅಲ್ವಾ?’ ಅಂದ.

ನನಗೆ ಕಸಿವಿಸಿಯಾಯಿತು. ಆ ಹಣ್ಣಿನ ಹುಡುಗ ನಮ್ಮ ರಾಜ್ಯದವನೇ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ.

ಮಕ್ಕಳೇ, ಛಾಪಾ ಕಾಗದ ಅಂದರೇನು ಗೊತ್ತೆ? ಕಾಗದ ಅಂಚೆಯಲ್ಲಿ ಹೋಗಬೇಕಾದರೆ ಸ್ಟಾಂಪು ಹಚ್ಚುತ್ತೇವಲ್ಲ, ಹಾಗೆಯೇ ಮನೆ, ಹೊಲ ಕೊಳ್ಳುವಾಗ, ಸಾಲ ಪಡೆಯುವಾಗ ಸರ್ಕಾರಕ್ಕೆ ತೆರಿಗೆ ಕಟ್ಟಬೇಕು. ಆ ತೆರಿಗೆ ಕಟ್ಟಿದ್ದಕ್ಕೆ ಗುರುತು ಈ ಕಾಗದ. ನೂರು ರೂಪಾಯಿಯ ಛಾಪಾ ಕಾಗದ ಕೊಂಡರೆ ಆ ನೂರು ಸರ್ಕಾರದ ಖಜಾನೆಗೆ. ಕಾಗದ ನಕಲಿಯಾದರೆ ಆ ನೂರು ಕಳ್ಳನ ಜೇಬಿಗೆ.

ತೆಲಗಿ 1994ರಲ್ಲಿ ಛಾಪಾ ಕಾಗದ ಮಾರುವ ಲೈಸೆನ್ಸ್ ಪಡೆದ. ಇವನ್ನು ಅಚ್ಚು ಹಾಕುವುದು ನಾಸಿಕದ ಸರ್ಕಾರಿ ಮುದ್ರಣಾಲಯ. ಅಲ್ಲಿಂದ ಗುಜರಿಗೆ ಹೋಗಬೇಕಿದ್ದ ಹಳೆಯ ಯಂತ್ರಗಳನ್ನು ಸಂಪಾದಿಸಿ ತಾನೇ ಅಚ್ಚು ಹಾಕತೊಡಗಿದ. ಅಧಿಕಾರಿಗಳ ಕೈ ಬೆಚ್ಚಗೆ ಮಾಡದೆ ಇದು ಸಾಧ್ಯವಿರಲಿಲ್ಲ. ಏಜೆಂಟರನ್ನಿಟ್ಟು ಬ್ಯಾಂಕು, ವಿಮಾ ಕಂಪನಿಗಳಿಗೇ ಸಗಟಾಗಿ ಮಾರಿದ. 2000ದಲ್ಲಿ ಬೆಂಗಳೂರಿನಲ್ಲಿ ನಕಲಿ ಕಾಗದ ಸಾಗಿಸುತ್ತಿದ್ದವರು ಸಿಕ್ಕಿಬಿದ್ದಾಗ ಎಳೆ ಬಿಚ್ಚಿಕೊಂಡಿತು. ತನಿಖೆಗೆ ನಮ್ಮ ರಾಜ್ಯದಲ್ಲಿ ‘ಸ್ಟಾಂಪಿಟ್’ ಎಂಬ ವಿಶೇಷ ತಂಡವೇ ಆಯಿತು. 2001ರ ನವೆಂಬರ್‌ನಲ್ಲಿ ಅಜ್ಮೇರಿನಲ್ಲಿ ತೆಲಗಿ ಸೆರೆಯಾದ.

ಬ್ಯಾಂಕು ಅಂದೆನಲ್ಲ, ನಾನೂ ಬ್ಯಾಂಕಿನ ಗುಮಾಸ್ತನೇ. ಸಾಲದ ಪತ್ರ ಬಂದರೆ ಮೊತ್ತ, ತಾರೀಖು, ಮಾರಿದವನ ಸಹಿ, ಸಾಲಗಾರನ ಸಹಿ ಎಲ್ಲ ಎರಡೆರಡು ಸಲ ನೋಡುತ್ತಿದ್ದೆವು. ಕಾಗದವೇ ಸುಳ್ಳಿರಬಹುದೆಂದು ಒಬ್ಬರೂ ಅನುಮಾನಿಸಲಿಲ್ಲ. ಅದರ ಮೇಲೆ ಸರ್ಕಾರದ ಮುದ್ರೆ ಇತ್ತಲ್ಲ!

ಇದನ್ನು ಹೇಳಿದ್ದೇ ತಡ, ಮೊಮ್ಮಗ ಕೇಳಿದ: ‘ನಮ್ಮ ಹೊಲದ ಪತ್ರ ಯಾವ ವರ್ಷದ್ದು ತಾತ?’

1998. ತೆಲಗಿಯ ವ್ಯಾಪಾರ ಜೋರಾಗಿದ್ದ ಕಾಲ. ಎದೆ ಧಸಕ್ಕೆಂದಿತು. ಟ್ರಂಕು ತೆಗೆದು, ಕ್ರಯಪತ್ರವನ್ನು ಟ್ಯೂಬ್‌ಲೈಟಿಗೆ ಹಿಡಿದು, ಇಬ್ಬರೂ ಕತ್ತು ನೋಯುವವರೆಗೆ ನೋಡಿದೆವು. ಅಸಲಿಯೋ ನಕಲಿಯೋ ಎಷ್ಟು ನೋಡಿದರೂ ಬಗೆಹರಿಯಲಿಲ್ಲ. ‘ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲಿ ನಕಲು ಇದೆ, ಪಹಣಿಯಲ್ಲಿ ಹೆಸರಿದೆ, ವರ್ಷಾ ವರ್ಷಾ ರಾಗಿ ಬೆಳೀತಿದ್ದೀವಿ. ಮಲಗಿ ಇನ್ನು’ ಎಂದು ನನ್ನಾಕೆ ಗದರಿದಳು. ಅವಳ ಮಾತು ಸರಿ. ಆದರೆ ಅಂದು ನಾನು ಬೆವರು ಸುರಿಸಿ ಕೂಡಿಟ್ಟು ಕಟ್ಟಿದ ದುಡ್ಡು ಖಜಾನೆಗೆ ಹೋಯಿತೋ, ತೆಲಗಿಗೆ ಹೋಯಿತೋ? ಆ ರಾತ್ರಿ ನಿದ್ದೆ ಸುಳಿಯಲಿಲ್ಲ.

ಈಗ ಆ ಹೆದರಿಕೆ ಕಡಿಮೆ. 2008ರಿಂದ ನಮ್ಮಲ್ಲಿ ಇ-ಸ್ಟಾಂಪ್ ಬಂದಿದೆ. ಪ್ರತಿ ಹಾಳೆಗೂ ಬೇರೆ ಬೇರೆ ಸಂಖ್ಯೆ. ಅದನ್ನು ಕಂಪ್ಯೂಟರಿನಲ್ಲಿ ಒತ್ತಿದರೆ ಯಾರು, ಎಷ್ಟು, ಯಾವತ್ತು ಕಟ್ಟಿದ್ದೆಂದು ತೋರಿಸುತ್ತದೆ. ಮನೆಯಲ್ಲಿ ಬಾಡಿಗೆ ಕರಾರಿನ ಹಾಳೆಯಿದ್ದರೆ ತಾತ, ಅಜ್ಜಿಗೆ ನೀವೇ ಪರೀಕ್ಷಿಸಿ ತೋರಿಸಿ.

ಮರುದಿನ ಮೊಮ್ಮಗ ಉಳಿದ ಕಥೆ ಕೇಳಿದ. 2006ರಲ್ಲಿ 30 ವರ್ಷ ಶಿಕ್ಷೆ, ಮರುವರ್ಷ ಇನ್ನೊಂದು ಪ್ರಕರಣದಲ್ಲಿ 13 ವರ್ಷ. ಕೊನೆಗೆ ಪರಪ್ಪನ ಅಗ್ರಹಾರ ಜೈಲು. 2017ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸಾವು. ಹಣ್ಣು ಮಾರುತ್ತಿದ್ದ ಖಾನಾಪುರದಲ್ಲೇ ಮಣ್ಣು ಮಾಡಿದರು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಹಣ್ಣು ಚೆನ್ನಾಗಿ ಮಾರ್ತಿದ್ದ ತಾತ’ ಅಂದ.